ಕಾವಲಿನಲ್ಲಿ ಮಡಿದವರ ಸ್ಮರಣೆ: ನಾಲ್ಕು ತಾಲ್ಲೂಕುಗಳ ಹೊಣೆ

ಪ್ರತಿ ವರ್ಷ ಅಕ್ಟೋಬರ್ 21ರ ಬೆಳಿಗ್ಗೆ ಮೈಸೂರಿನ ಜ್ಯೋತಿನಗರದಲ್ಲಿರುವ ಜಿಲ್ಲಾ ಸಶಸ್ತ್ರ ಮೀಸಲು ಪಡೆಯ ಮೈದಾನದಲ್ಲಿ ಪೊಲೀಸ್ ಹುತಾತ್ಮರ ದಿನಾಚರಣೆ ನಡೆಯುತ್ತದೆ. ಹಿಂದಿನ ಒಂದು ವರ್ಷದಲ್ಲಿ ಕರ್ತವ್ಯದಲ್ಲಿದ್ದಾಗ ಪ್ರಾಣ ತೆತ್ತವರ ಹೆಸರುಗಳನ್ನು ಓದಲಾಗುತ್ತದೆ. ಅಧಿಕಾರಿಗಳು, ಗಣ್ಯರು ಸ್ಮಾರಕಕ್ಕೆ ಹೂಗುಚ್ಛ ಅರ್ಪಿಸುತ್ತಾರೆ. ಆಕಾಶಕ್ಕೆ ಗುಂಡು ಹಾರಿಸಿ ಗೌರವ ಸಲ್ಲಿಸಲಾಗುತ್ತದೆ, ಪೊಲೀಸ್ ಬ್ಯಾಂಡ್ ನುಡಿಯುತ್ತದೆ, ಎಲ್ಲರೂ ತಲೆಬಾಗಿ ಮೌನವಾಗಿ ನಿಲ್ಲುತ್ತಾರೆ. ಒಂದು ಗಂಟೆಯೊಳಗೆ ಮೈದಾನ ಬರಿದಾಗುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ನಾವು ಮರುದಿನದ ಪತ್ರಿಕೆಯಲ್ಲಿ ಅದರ ಚಿತ್ರವನ್ನು ನೋಡಿ ಪುಟ ತಿರುಗಿಸುತ್ತೇವೆ.

ಈ ದಿನದ ಹಿನ್ನೆಲೆಯನ್ನು ಅನೇಕರು ಬಲ್ಲರು. 1959ರ ಅಕ್ಟೋಬರ್ 21ರಂದು ಲಡಾಖ್‌ನ ಹಾಟ್ ಸ್ಪ್ರಿಂಗ್ಸ್ ಎಂಬಲ್ಲಿ, ಕಾಣೆಯಾದ ಸಹೋದ್ಯೋಗಿಗಳನ್ನು ಹುಡುಕುತ್ತ ಹೊರಟಿದ್ದ ಕರಂ ಸಿಂಗ್ ನೇತೃತ್ವದ ಪೊಲೀಸ್ ತಂಡದ ಮೇಲೆ ಚೀನೀ ಸೈನಿಕರು ದಾಳಿ ಮಾಡಿದರು. ಹತ್ತು ಮಂದಿ ಹತರಾದರು. ಅವರ ನೆನಪಿಗಾಗಿ ದೇಶದ ಪೊಲೀಸರೆಲ್ಲ ಈ ದಿನವನ್ನು ಆಚರಿಸುತ್ತ ಬಂದಿದ್ದಾರೆ. 2018ರಲ್ಲಿ ಇದೇ ದಿನ ದೆಹಲಿಯ ಚಾಣಕ್ಯಪುರಿಯಲ್ಲಿ ರಾಷ್ಟ್ರೀಯ ಪೊಲೀಸ್ ಸ್ಮಾರಕ ಲೋಕಾರ್ಪಣೆಯಾಯಿತು. ಸ್ವಾತಂತ್ರ್ಯಾನಂತರ ಕರ್ತವ್ಯದಲ್ಲಿ ಮಡಿದ ಮೂವತ್ತನಾಲ್ಕು ಸಾವಿರಕ್ಕೂ ಮಿಕ್ಕಿದ ಪೊಲೀಸರ ಹೆಸರುಗಳನ್ನು ಅಲ್ಲಿಯ ಗೋಡೆಯ ಮೇಲೆ ಕೊರೆಯಲಾಗಿದೆ.

ಲಡಾಖ್ ದೂರದ್ದು, ದೆಹಲಿಯೂ ದೂರದ್ದು. ಆದರೆ ಆ ಪಟ್ಟಿಯಲ್ಲಿ ನಮ್ಮವೇ ಆದ ಹೆಸರುಗಳೂ ಇವೆ. ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೆ ಮುನ್ನ ಹುಣಸೂರಿನ ತಂಬಾಕಿನ ಹೊಲದಿಂದ ಮಲೆ ಮಹದೇಶ್ವರ ಬೆಟ್ಟದ ಕಾಡಿನವರೆಗೆ ಎಲ್ಲವೂ ಒಂದೇ ಮೈಸೂರು ಜಿಲ್ಲೆಯಾಗಿತ್ತು, ಒಬ್ಬರೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯ ಸುಪರ್ದಿಯಲ್ಲಿತ್ತು. 1992ರ ಮೇ ತಿಂಗಳಲ್ಲಿ ವೀರಪ್ಪನ್ ತಂಡ ರಾಮಾಪುರದ ಪೊಲೀಸ್ ಠಾಣೆಯ ಮೇಲೆ ದಾಳಿ ನಡೆಸಿ ಐವರು ಪೊಲೀಸರನ್ನು ಕೊಂದಿತು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯಂ ಸಮೀಪ ಹೊಂಚುದಾಳಿಗೆ ಸಿಕ್ಕಿ ವರಿಷ್ಠಾಧಿಕಾರಿ ಟಿ. ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಪ್ರಾಣ ಬಿಟ್ಟರು. ಮರುವರ್ಷದ ಮೇ 24ರಂದು ಬೆಟ್ಟದ ದಾರಿಯಲ್ಲಿ ವರಿಷ್ಠಾಧಿಕಾರಿ ಗೋಪಾಲ ಹೊಸೂರರ ತಂಡದ ಮೇಲೆ ಗುಂಡಿನ ಮಳೆಗರೆಯಿತು. ಹೊಸೂರರು ತೀವ್ರವಾಗಿ ಗಾಯಗೊಂಡು ಬದುಕುಳಿದರು, ಅವರೊಂದಿಗಿದ್ದ ಆರು ಮಂದಿ ಉಳಿಯಲಿಲ್ಲ.

ಹರಿಕೃಷ್ಣ ಹಾಗೂ ಶಕೀಲ್ ಅಹಮದ್ ಅವರ ಹೆಸರುಗಳನ್ನು ಐವತ್ತು ದಾಟಿದ ನಮ್ಮ ಭಕ್ತರೆಲ್ಲರೂ ಬಲ್ಲರು. ಅಂದು ಅವರ ಜೊತೆಯಲ್ಲಿಯೇ ಮಡಿದ ನಾಲ್ವರು ಪೇದೆಗಳ ಹೆಸರನ್ನು ಕೇಳಿದರೆ ನಮ್ಮಲ್ಲಿ ಎಷ್ಟು ಜನ ಹೇಳಬಲ್ಲೆವು? ಬೆನೆಗೊಂಡ, ಕಾಳಪ್ಪ, ಸುಂದರ, ಅಪ್ಪಚ್ಚು. ಈ ಲೇಖನಕ್ಕೆ ಕುಳಿತಾಗ ನಾನೂ ಹುಡುಕಿ ತಿಳಿಯಬೇಕಾಯಿತು. ಕೊಂದವನ ಹೆಸರನ್ನು ಯಾರೂ ಹುಡುಕಬೇಕಾಗಿಲ್ಲ. ಅವನ ಮೇಲೆ ಪುಸ್ತಕಗಳಿವೆ, ಚಲನಚಿತ್ರಗಳಿವೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಸ್ಮರಿಸಬೇಕು. ಸ್ವಲ್ಪ ಮುಜುಗರದ ಸಂಗತಿ, ಆದರೂ ಹೇಳಬೇಕಾದದ್ದು. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಅಪಹರಿಸಿದ. ನಾಡಿಗೆ ನಾಡೇ ತಲ್ಲಣಿಸಿತು. ದೇವಾಲಯ, ಮಠ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥನೆಗಳು ನಡೆದವು. ಅಪಹರಣಕಾರನ ಬೇಡಿಕೆಗಳಲ್ಲಿ ಒಂದು, ಟಾಡಾ ಕಾಯ್ದೆಯಡಿ ಮೈಸೂರಿನ ಸೆರೆಮನೆಯಲ್ಲಿದ್ದ ಆರೋಪಿಗಳ ಬಿಡುಗಡೆ. ಸರ್ಕಾರ ಒಪ್ಪಿತು. ಟಾಡಾ ಆರೋಪಗಳನ್ನು ಹಿಂತೆಗೆದುಕೊಳ್ಳಲು ಅಭಿಯೋಜಕರು ಕೋರಿದರು, ಮೈಸೂರಿನ ವಿಶೇಷ ನ್ಯಾಯಾಲಯ ಸಮ್ಮತಿಸಿತು. ಆಗ ನಾವೆಲ್ಲ, ನಾನೂ ಸೇರಿದಂತೆ, ಹೇಗಾದರೂ ಸರಿ ಅಣ್ಣಾವ್ರು ಮನೆಗೆ ಬಂದರೆ ಸಾಕು ಎಂದೇ ಹಾರೈಸುತ್ತಿದ್ದೆವು.

ಒಬ್ಬರು ಮಾತ್ರ ಬೇರೆ ದಾರಿ ಹಿಡಿದರು. ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ, ಸ್ವತಃ ನಿವೃತ್ತ ಪೊಲೀಸ್ ಅಧಿಕಾರಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಮಗನ ಕೊಲೆಗೆ ಸಂಬಂಧಿಸಿದ ಮೊಕದ್ದಮೆಯನ್ನು ಹೀಗೆ ಒಂದು ಸಹಿಯಿಂದ ಮುಗಿಸಬಹುದೇ ಎಂಬುದು ಅವರ ಪ್ರಶ್ನೆಯ ತಿರುಳು. 2000ದ ನವೆಂಬರ್ 7ರಂದು ನ್ಯಾಯಮೂರ್ತಿ ಎಸ್.ಪಿ. ಭರೂಚಾ ಅವರಿದ್ದ ತ್ರಿಸದಸ್ಯ ಪೀಠ ವಿಶೇಷ ನ್ಯಾಯಾಲಯದ ಆದೇಶವನ್ನು ರದ್ದುಪಡಿಸಿತು. ಮೊಕದ್ದಮೆ ಹಿಂತೆಗೆದುಕೊಳ್ಳಲು ಕೋರುವ ಅಭಿಯೋಜಕರು ಸರ್ಕಾರದ ಮಾತನ್ನು ಒಪ್ಪಿಸಿದರಷ್ಟೇ ಸಾಲದು, ತಾವೇ ವಿವೇಚಿಸಿ ಅದು ಸಾರ್ವಜನಿಕ ಹಿತಕ್ಕೆ ತಕ್ಕುದೆಂದು ಮನಗಂಡಿರಬೇಕು, ನ್ಯಾಯಾಲಯವೂ ಅದನ್ನು ಪರಿಶೀಲಿಸಬೇಕು ಎಂದಿತು. ಇಷ್ಟು ವರ್ಷ ವೀರಪ್ಪನ್‌ನನ್ನು ಹಿಡಿಯಲಾಗದ ಸರ್ಕಾರಗಳನ್ನೂ ತರಾಟೆಗೆ ತೆಗೆದುಕೊಂಡಿತು. ಆ ತೀರ್ಪು ಬಂದ ಎಂಟು ದಿನಗಳಲ್ಲಿ, ನವೆಂಬರ್ 15ರಂದು, ರಾಜ್‌ಕುಮಾರ್ ಬಿಡುಗಡೆಯಾದರು. ಆ ಕೈದಿಗಳನ್ನು ಬಿಡಬೇಕಾಗಿ ಬರಲಿಲ್ಲ.

ಅಂದು ಕೆಲವರು ಆ ತಂದೆಯನ್ನು ಕಠಿಣ ಹೃದಯದವರೆಂದು ಆಡಿಕೊಂಡದ್ದನ್ನು ನಾನು ಕೇಳಿದ್ದೇನೆ. ಕಾಲು ಶತಮಾನದ ಬಳಿಕ ಯೋಚಿಸಿದರೆ, ಮಡಿದ ಪೊಲೀಸರಿಗೆ ಆ ವರ್ಷ ನಿಜವಾದ ಗೌರವ ಸಲ್ಲಿಸಿದವರು ಅವರೊಬ್ಬರೇ ಎನ್ನಿಸುತ್ತದೆ. ಮೈದಾನದಲ್ಲಿ ನಮಿಸುವುದು ಸುಲಭ. ನಮ್ಮ ಪ್ರೀತಿಪಾತ್ರರಿಗೆ ಆಪತ್ತು ಬಂದಾಗ, ನಮ್ಮ ಪಕ್ಷದವರೋ ಜಾತಿಯವರೋ ಸಿಕ್ಕಿಬಿದ್ದಾಗ, ಪೇದೆಯೊಬ್ಬನ ಸಾವನ್ನು ಚೌಕಾಸಿಯ ತಕ್ಕಡಿಗೆ ಹಾಕದೆ ಇರುವುದು ಕಷ್ಟ. ಪೊಲೀಸರ ಮೇಲೆ ಕಲ್ಲು ತೂರಿದ ಮೊಕದ್ದಮೆಗಳನ್ನು ಹಿಂತೆಗೆದುಕೊಳ್ಳಬೇಕೆಂದು ಇಂದಿಗೂ ಎಲ್ಲ ಕಡೆಯಿಂದ ಮನವಿಗಳು ಹೋಗುತ್ತವೆ. ಅಂತಹ ಮನವಿಗೆ ಮಠದ ಒಂದು ಪತ್ರವೂ ಇರಲಿ ಎಂದು ನಮ್ಮ ಕಾರ್ಯಾಲಯಕ್ಕೆ ಬಂದವರೂ ಇದ್ದಾರೆ. ಅವರಿಗೆ ಈ ತಂದೆಯ ಕಥೆಯನ್ನು ಹೇಳಬೇಕೆನಿಸುತ್ತದೆ.

ಮಡಿದವರನ್ನು ಗೌರವಿಸುವುದೆಂದರೆ ಸಮವಸ್ತ್ರದಲ್ಲಿ ನಡೆದ ತಪ್ಪುಗಳಿಗೆ ಪರದೆ ಎಳೆಯುವುದಲ್ಲ ಎಂಬುದನ್ನೂ ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ. ಆ ಕಾರ್ಯಾಚರಣೆಯ ದಿನಗಳಲ್ಲಿ ಬೆಟ್ಟದ ಗಿರಿಜನರು ಅನುಭವಿಸಿದ ಯಾತನೆಯನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸಂತ್ರಸ್ತರಿಗೆ ಪರಿಹಾರ ಕೊಡಿಸಿತು. ಜೇನುಕುರುಬರ, ಕಾಡುಕುರುಬರ ಹಾಡಿಗಳಿರುವ ಕೋಟೆ, ಹುಣಸೂರು ಸೀಮೆಯವರು ಇದನ್ನು ಮರೆಯಲಾಗದು. ತಪ್ಪಿತಸ್ಥ ಪೊಲೀಸನಿಗೆ ಶಿಕ್ಷೆಯಾಗಬೇಕು, ಮಡಿದ ಪೊಲೀಸನಿಗೆ ನ್ಯಾಯವೂ ಸಿಗಬೇಕು. ಒಂದನ್ನು ಹೇಳುವಾಗ ಇನ್ನೊಂದನ್ನು ನುಂಗಬೇಕಾಗಿಲ್ಲ.

ನಮ್ಮ ಪೂರ್ವಿಕರಿಗೆ ಈ ವಿಷಯದಲ್ಲಿ ಒಂದು ಗಟ್ಟಿಯಾದ ಪದ್ಧತಿಯಿತ್ತು. ಊರ ಹೊರಗೆ, ಕೆರೆಯ ಏರಿಯ ಮೇಲೆ, ಹಳೆಯ ಶಿವಾಲಯದ ಮಗ್ಗುಲಲ್ಲಿ ನಿಂತ ವೀರಗಲ್ಲುಗಳನ್ನು ನಮ್ಮ ನಾಲ್ಕೂ ತಾಲ್ಲೂಕುಗಳ ಜನ ನೋಡಿಯೇ ಇರುತ್ತಾರೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿಯಲ್ಲಿ ಕುಳಿತ ವೀರ. ಹೀಗೆ ಕಲ್ಲಾದವರಲ್ಲಿ ಹೆಚ್ಚಿನವರು ದೊರೆಗಳಲ್ಲ. ಕಳ್ಳರು ಹೊಡೆದುಕೊಂಡು ಹೋದ ಊರ ದನಗಳನ್ನು ಮರಳಿ ತರಲು ಹೋಗಿ ಸತ್ತವರು, ಹೆಂಗಸರ ಮಾನ ಕಾಯಲು ನಿಂತು ಸತ್ತವರು, ಹುಲಿಗೆ ಎದುರಾದವರು. ಇಂದು ಪೊಲೀಸರಿಗೆ ವಹಿಸಿರುವ ಕೆಲಸವೇ ಅದು.

ಶಾಸನಗಳನ್ನು ಓದಿದವರಿಗೆ ಮತ್ತೊಂದು ಮಾತು ಗೊತ್ತಿರುತ್ತದೆ. ಬಹಳಷ್ಟು ಕಡೆ ಕಲ್ಲು ನಿಲ್ಲಿಸಿ ಸುಮ್ಮನಾಗುತ್ತಿರಲಿಲ್ಲ. ಸತ್ತವನ ಮನೆಯವರಿಗೆ ಭೂಮಿ ಬಿಡುತ್ತಿದ್ದರು. ಅದಕ್ಕೆ ನೆತ್ತರುಗೊಡಗೆ, ರಕ್ತಕೊಡಗೆ ಎಂದು ಹೆಸರು. ಆ ದತ್ತಿಯನ್ನು ಅಳಿದವರಿಗೆ ಶಾಪವನ್ನೂ ಕೆತ್ತಿಸುತ್ತಿದ್ದರು. ಸತ್ತವನಿಗೆ ಕಲ್ಲು, ಉಳಿದವರಿಗೆ ಹೊಲ, ಎರಡೂ ಒಂದೇ ಗೌರವದ ಭಾಗಗಳು. ಆ ಕಾಲವನ್ನು ಹೊಗಳಿ ಮುಗಿಸುವಂತೆಯೂ ಇಲ್ಲವೆನ್ನಿ. ಕೋಟೆ ಸೀಮೆಯ ಬೆಳತೂರಿನಲ್ಲಿಯೇ 1057ರ ದೇಕಬ್ಬೆಯ ಶಾಸನವಿದೆ. ಅರಸನು ಗಂಡನನ್ನು ಕೊಲ್ಲಿಸಿದಾಗ, ಹೆತ್ತವರು ಬೇಡವೆಂದರೂ ಕೇಳದೆ ಅಗ್ನಿಪ್ರವೇಶ ಮಾಡಿದ ಹೆಣ್ಣುಮಗಳು ಆಕೆ. ಅಂದಿನ ಸಮಾಜ ಅವಳ ಸಾವನ್ನು ಕಲ್ಲಿನಲ್ಲಿ ಕೊಂಡಾಡಿತು. ಅವಳು ಬದುಕಿ ಉಳಿದಿದ್ದರೆ ಅವಳಿಗಾಗಿ ಯಾರೂ ಕಲ್ಲು ನಿಲ್ಲಿಸುತ್ತಿರಲಿಲ್ಲ.

ಶರಣರ ಕಾಲಕ್ಕೆ ಬಂದರೆ ಕಾವಲು ಕೂಡ ಕಾಯಕವಾಯಿತು. ಅನುಭವ ಮಂಟಪದ ಪರಂಪರೆಯಲ್ಲಿ ತಳವಾರ ಕಾಮಿದೇವಯ್ಯನಿದ್ದಾನೆ, ಎಚ್ಚರಿಕೆ ಕಾಯಕದ ಮುಕ್ತಿನಾಥಯ್ಯನಿದ್ದಾನೆ. ಊರು ಮಲಗಿದಾಗ ಎಚ್ಚರಿದ್ದು ಕೂಗುವವನ ದುಡಿಮೆಯನ್ನೂ ಅವರು ಲಿಂಗಪೂಜೆಗೆ ಸಮನಾಗಿ ಕಂಡರು. ಕಾಯಕವನ್ನು ಒಪ್ಪಿದ ಮೇಲೆ ದಾಸೋಹವನ್ನು ಬಿಡಲಾಗದು. ಕಾಯಕ ಮಾಡುತ್ತಲೇ ಒಬ್ಬನು ಬಿದ್ದರೆ ಅವನ ಮನೆಯ ಒಲೆ ಉರಿಯುವಂತೆ ನೋಡುವುದು ಉಳಿದವರ ಪಾಲಿನ ದಾಸೋಹ.

ಇಂದು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಪೊಲೀಸರ ಕಾಯಕ ಹೇಗಿದೆ? ಕಪ್ಪಡಿಯ ಜಾತ್ರೆ, ಚುಂಚನಕಟ್ಟೆಯ ಜಾತ್ರೆ, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಉತ್ಸವ, ಎಲ್ಲೆಡೆ ಹಗ್ಗ ಹಿಡಿದು ನಿಂತವರು ಅವರೇ. ಕೋಟೆಯ ಬಾವಲಿ ತಪಾಸಣಾ ಠಾಣೆಯಲ್ಲಿ ಕಾಡಿನ ನಡುವೆ ರಾತ್ರಿ ಕಳೆಯುವವರು, ಹುಣಸೂರು, ಪಿರಿಯಾಪಟ್ಟಣಗಳನ್ನು ಹಾದು ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ ಅಪಘಾತದ ಸ್ಥಳಕ್ಕೆ ಮೊದಲು ತಲುಪುವವರು ಅವರೇ. ಇಂತಹ ದುಡಿಮೆಯಲ್ಲಿ ಸಾವು ಗುಂಡಿನಿಂದಲೇ ಬರಬೇಕೆಂದಿಲ್ಲ. ಗಸ್ತಿನ ದ್ವಿಚಕ್ರವಾಹನಕ್ಕೆ ಲಾರಿ ಬಡಿಯುತ್ತದೆ. ಬಂದೋಬಸ್ತಿನಲ್ಲಿ ನಿಂತಲ್ಲೇ ಹೃದಯ ನಿಲ್ಲುತ್ತದೆ. ಕೋವಿಡ್ ಕಾಲದಲ್ಲಿ ನಾವು ಬಾಗಿಲು ಹಾಕಿಕೊಂಡಾಗ ರಸ್ತೆಯಲ್ಲಿದ್ದ ಅನೇಕ ಪೊಲೀಸರು ಮನೆಗೆ ಮರಳಲಿಲ್ಲ. ಇಂಥ ಸಾವುಗಳಿಗೆ ವೀರಮರಣದ ಹೊಳಪಿಲ್ಲವೆಂಬ ಕಾರಣಕ್ಕೆ ಅವು ನಮ್ಮ ನೆನಪಿನಲ್ಲಿ ನಿಲ್ಲುವುದಿಲ್ಲ.

ಕೆಲವು ವರ್ಷಗಳ ಹಿಂದೆ ಶ್ರೀಮಠದ ವಿದ್ಯಾರ್ಥಿನಿಲಯದ ಪ್ರವೇಶದ ದಿನಗಳಲ್ಲಿ ತಾಯಿಯೊಬ್ಬರು ಮಗನನ್ನು ಕರೆತಂದಿದ್ದರು. ಅರ್ಜಿಯಲ್ಲಿ ತಂದೆಯ ಉದ್ಯೋಗದ ಜಾಗವನ್ನು ಖಾಲಿ ಬಿಟ್ಟಿದ್ದರು. ವಿಚಾರಿಸಿದಾಗ, ಪೊಲೀಸ್ ಇಲಾಖೆಯಲ್ಲಿದ್ದರು, ರಾತ್ರಿ ಪಾಳಿಯಲ್ಲಿ ಅಪಘಾತವಾಗಿ ಹೋದರು ಎಂದರು. ಅನುಕಂಪದ ನೌಕರಿಗೆ ಅರ್ಜಿ ಹಾಕಿದಿರಾ ತಾಯಿ ಎಂದೆ. ದುಃಖದಲ್ಲಿ ತವರಿಗೆ ಹೋದವರು ಮರಳಿ ಬಂದು ಕೇಳುವಷ್ಟರಲ್ಲಿ ಅವಧಿ ಮೀರಿತ್ತಂತೆ. ಯಾರೂ ಹೇಳಿರಲಿಲ್ಲ, ಅವರಿಗೂ ತಿಳಿದಿರಲಿಲ್ಲ. ಪೂಜ್ಯರು ಹುಡುಗನನ್ನು ಸೇರಿಸಿಕೊಳ್ಳಲು ಸೂಚಿಸಿದರು, ಅದು ಬೇರೆ ಮಾತು. ಆದರೆ ಆ ಮನೆಗೆ ಸಲ್ಲಬೇಕಾದದ್ದು ಸಲ್ಲಲಿಲ್ಲ.

ಆದ್ದರಿಂದ ಬಲ್ಲವರು ಇದನ್ನು ಊರೂರಿಗೆ ತಲುಪಿಸಬೇಕು. ಕರ್ನಾಟಕ ಸಿವಿಲ್ ಸೇವೆಗಳ ಅನುಕಂಪ ಆಧಾರದ ನೇಮಕಾತಿ ನಿಯಮಗಳು 1996ರಿಂದ ಇವೆ. ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಸಾಮಾನ್ಯವಾಗಿ ಮರಣದ ದಿನದಿಂದ ಒಂದು ವರ್ಷದೊಳಗೆ ಅವಲಂಬಿತರು ಅರ್ಜಿ ಸಲ್ಲಿಸಬೇಕು. ಹನ್ನೊಂದನೆಯ ದಿನದ ಕಾರ್ಯಕ್ಕೆ ಹೋಗುವ ಬಂಧುಗಳು ಸಂತಾಪದ ಜೊತೆಗೆ ಈ ಮಾತನ್ನೂ ಆ ಮನೆಯವರ ಕಿವಿಗೆ ಹಾಕಲಿ. ಕುಟುಂಬ ಪಿಂಚಣಿ, ವಿಮೆ ಮೊದಲಾದ ಕಾಗದಗಳಿಗೆ ಓಡಾಡಲು ಊರಿನ ಒಬ್ಬ ಓದಿದ ಹುಡುಗ ಜೊತೆಯಾಗಲಿ. ಏಪ್ರಿಲ್ 2ರ ಪೊಲೀಸ್ ಧ್ವಜ ದಿನಾಚರಣೆಯಂದು ಪೊಲೀಸ್ ಕಲ್ಯಾಣ ನಿಧಿಗಾಗಿ ಧ್ವಜ ಹಿಡಿದು ಬರುವವರನ್ನು ವಂತಿಗೆಯವರಂತೆ ಕಾಣದಿರಲಿ.

ಪೂಜ್ಯರ ಅಪ್ಪಣೆಯಂತೆ ಶ್ರೀಮಠದ ಕಾರ್ಯಾಲಯದಲ್ಲಿ ಒಂದು ದಾಖಲೆ ಪುಸ್ತಕವನ್ನು ತೆರೆಯಲಾಗಿದೆ. ನಾಲ್ಕು ತಾಲ್ಲೂಕುಗಳಿಂದ ಪೊಲೀಸ್ ಸೇವೆಗೆ ಹೋಗಿ ಎಲ್ಲಿಯೇ ಆಗಲಿ ಕರ್ತವ್ಯದಲ್ಲಿ ಮಡಿದವರು, ಇಲ್ಲಿನ ಠಾಣೆಗಳಲ್ಲಿ ಸೇವೆಯಲ್ಲಿರುವಾಗಲೇ ತೀರಿಕೊಂಡವರು, ಇವರ ಹೆಸರು, ಊರು, ಠಾಣೆ, ತೀರಿಕೊಂಡ ವರ್ಷವನ್ನು ಮನೆಯವರ ಒಪ್ಪಿಗೆ ಪಡೆದು ಬರೆಸಬೇಕಾಗಿ ಭಕ್ತರಲ್ಲಿ ವಿನಂತಿ. ಜಾತಿಯ ಕಲಂ ಆ ಪುಸ್ತಕದಲ್ಲಿ ಇಲ್ಲ. ಮಕ್ಕಳು ಓದುತ್ತಿದ್ದರೆ ಯಾವ ತರಗತಿ ಎಂಬುದನ್ನೂ ತಿಳಿಸಿ, ಮುಂದಿನ ಸಾಲಿನ ವಿದ್ಯಾರ್ಥಿನಿಲಯದ ಪ್ರವೇಶ ಆರಂಭವಾಗುವ ಮೊದಲೇ ಆ ಮನೆಗಳಿಗೆ ಕಾರ್ಯಾಲಯದಿಂದ ಪತ್ರ ಹೋಗುತ್ತದೆ. ಅಕ್ಟೋಬರ್ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಪ್ರಾರ್ಥನೆಯ ನಂತರ ಆ ಹೆಸರುಗಳನ್ನು ಓದಲಾಗುವುದು. ಮೊದಲ ಪುಟದಲ್ಲಿ ಮೀಣ್ಯಂನ ಆರು ಹೆಸರುಗಳನ್ನು ನಾನೇ ಬರೆದಿದ್ದೇನೆ.