ಚುಕ್ಕಿ ಎಣಿಸಿ ರೊಕ್ಕ ಕೊಡಬ್ಯಾಡ್ರಿ

ನಮ್ಮ ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಕಡೆ ಗೋವಿನಜೋಳ ಮಾರಿದ ರೊಕ್ಕ ಕೈಗೆ ಬಂತಂದ್ರ ಬೀಜ-ಗೊಬ್ಬರದ ಬಾಕಿ, ಸಂಘದ ಕಂತು, ಹುಡುಗರ ಫೀ ಅಂತ ಒಂದು ಪಟ್ಟಿ ಇರತೈತಿ. ಈಗ ಆ ಪಟ್ಟಿಗೆ ಇನ್ನೊಂದು ಸೇರೇತಿ: ಮಗನ ಗೇಮಿಂಗ್ ಪಿಸಿ. ಅದಕ್ಕ ನನ್ನ ತಕರಾರಿಲ್ಲ. ಆಡೂ ವಯಸ್ಸಿನಾಗ ಆಡಬೇಕು. ತಕರಾರು ಇರೂದು ಹುಬ್ಬಳ್ಳಿಗೆ ಕೊಳ್ಳಾಕ ಹೋದಾಗ ಕಿವಿಗೆ ಬೀಳೂ ಒಂದು ಮಾತಿಗೆ: "ಹೆಂಗೂ ಬಂದೀರಿ, ಫೋರ್‌ಕೆ ತಗೊಂಡ ಬಿಡ್ರಿ."

ಈ ಫೋರ್‌ಕೆ ಅಂದ್ರ ಏನು, ಮೊದಲ ತಿಳ್ಕೊಳ್ಳೂಣು. ಅಂಗಳದಾಗ ರಂಗೋಲಿಗೆ ಚುಕ್ಕಿ ಇಟ್ಟಂಗ ಪರದೆ ಮ್ಯಾಲೂ ಚುಕ್ಕಿ ಇರತಾವ. ಫುಲ್ ಎಚ್‌ಡಿ ಪರದೆಗೆ ಅಡ್ಡ 1920, ಉದ್ದ 1080, ಒಟ್ಟು 20,73,600 ಚುಕ್ಕಿ. ಫೋರ್‌ಕೆಗೆ 3840 ಮತ್ತ 2160, ಒಟ್ಟು 82,94,400. ಸರಿಯಾಗಿ ನಾಕು ಪಟ್ಟು. ಮಾರಾವ್ರು ಲೆಕ್ಕಾ ಇಲ್ಲಿಗೇ ನಿಲ್ಲಸ್ತಾರ. ಮುಂದಿಂದು ನಾವು ಮಾಡೂಣು.

ಸಿನಿಮಾ ಮೊದಲ ತಯಾರಾಗಿ ಬಂದಿರತೈತಿ. ಆಟ ಹಂಗಲ್ಲ. ಪ್ರತಿ ಚಿತ್ರಾನೂ ಆಗಿಂದಾಗ ಗ್ರಾಫಿಕ್ಸ್ ಕಾರ್ಡು ಬರೀಬೇಕು. ಸೆಕೆಂಡಿಗೆ 60 ಚಿತ್ರ ಅಂದ್ರ ಫುಲ್ ಎಚ್‌ಡಿಗೆ ಸುಮಾರು 12 ಕೋಟಿ ಚುಕ್ಕಿ ಬಣ್ಣಾ ಹಚ್ಚಬೇಕು, ಫೋರ್‌ಕೆಗೆ ಸುಮಾರು 50 ಕೋಟಿ. ಪರದೆ ದೊಡ್ಡದು ತಂದು ಕಾರ್ಡು ಸಣ್ಣದು ಹಾಕಿದ್ರ ಆಟ ಏದುಸುರು ಬಿಟ್ಟಕೋತ ಓಡತೈತಿ. ಎರಡೂ ದೊಡ್ಡವು ಬೇಕಂದ್ರ ಎನ್‌ವಿಡಿಯಾದವರ ಆರ್‌ಟಿಎಕ್ಸ್ 5090 ಅಂತ 2025ರಾಗ ಬಂದೇತಿ. ಅದೊಂದು ಕಾರ್ಡಿಗೇ ಎರಡು ಲಕ್ಷದ ಮ್ಯಾಲೆ, ಅದೊಂದಕ್ಕೇ 575 ವ್ಯಾಟ್ ಕರೆಂಟು. ಆರ್‌ಟಿಎಕ್ಸ್ 4060 ಹಾಕಿದ್ರ 115 ವ್ಯಾಟಿನಾಗ ಮುಗೀತೈತಿ. ಪಿಸಿಗೆ ಹಚ್ಚೂ 600 ವಿಎ ಯುಪಿಎಸ್ ಸುಮಾರು 360 ವ್ಯಾಟ್ ಹೊರತೈತಿ. ಮಳಿಗಾಲದಾಗ ಕರೆಂಟು ಪಕ್ ಅಂತ ಹೋದಾಗ ಯಾವ ಪಿಸಿ ಉಳೀತೈತಿ, ಯಾವದು ಕೂಡ ಹೋಗತೈತಿ, ನೀವ ಹೇಳ್ರಿ.

ಇನ್ನ ಸಿಟ್ಟು ಬರೂ ಸಂಗತಿ ಮುಂದೈತಿ. ಫೋರ್‌ಕೆ ಅಂತ ತೋರಿಸೂ ಎಷ್ಟೋ ಆಟ ಒಳಗ ಫೋರ್‌ಕೆ ಇರೂದ ಇಲ್ಲ. ಡಿಎಲ್‌ಎಸ್‌ಎಸ್ ಅಂತ ಒಂದು ತಂತ್ರ ಐತಿ. ಅದನ್ನ ಪರ್‌ಫಾರ್ಮನ್ಸ್ ಅನ್ನೂ ಮೋಡಿನಾಗ ಇಟ್ರ ಕಾರ್ಡು ಬರಿಯೂದು 1920-1080 ಚುಕ್ಕಿನ. ಉಳದ ಮೂರು ಪಾಲು ಊಹೆ. 2025ರ ಜನವರಿಯಾಗ ಲಾಸ್ ವೇಗಾಸದಾಗ ಎನ್‌ವಿಡಿಯಾದ ಮುಖ್ಯಸ್ಥ ಜೆನ್ಸನ್ ಹುವಾಂಗ್, 549 ಡಾಲರಿನ 5070 ಕಾರ್ಡು ಹಿಂದಿನ ದುಬಾರಿ 4090ರಷ್ಟ ಓಡತೈತಿ ಅಂತ ವೇದಿಕೆ ಮ್ಯಾಲೆ ಹೇಳಿದ್ರು. ಆ ಮಾತು ನಿಂತಿದ್ದು ನಾಕು ಚಿತ್ರದಾಗ ಮೂರು ಊಹೆ ಮಾಡಿ ತುಂಬೂ ಹೊಸ ತಂತ್ರದ ಮ್ಯಾಲೆ. ತಂತ್ರ ಕೆಟ್ಟದ್ದಲ್ಲ, ಚಿತ್ರ ಚಂದ ಬರತೈತಿ. ಆದ್ರ ಹಾಲಿಗೆ ನೀರು ಬೆರಸಿ ನೀರೂ ಹಾಲಿನ ದರಕ್ಕ ಅಳದು ಕೊಟ್ರ ಗೌಳ್ಯಾಗ ನಾವು ಸುಮ್ನ ಬಿಡತೀವೇನು?

ನಮ್ಮ ಕಣ್ಣಿಗೂ ಒಂದು ಮಿತಿ ಐತಿ. ಒಂದು ಡಿಗ್ರಿದಾಗ ಅರವತ್ತರಾಗ ಒಂದು ಪಾಲಿಗಿಂತ ಸಣ್ಣದಿದ್ರ ಸಾಮಾನ್ಯ ಕಣ್ಣು ಬ್ಯಾರೆ ಮಾಡಿ ನೋಡಲಾರದು. 24 ಇಂಚಿನ ಫುಲ್ ಎಚ್‌ಡಿ ಪರದ್ಯಾಗ ಒಂದು ಚುಕ್ಕಿ ಸುಮಾರು 0.28 ಮಿಲಿಮೀಟರು. ಮೂರು ಅಡಿಗಿಂತ ಒಂದು ಗೇಣು ಹಿಂದ ಸರದು ಕುಂತ್ರ ಆ ಚುಕ್ಕಿ ಕಣ್ಣಿಗೆ ಬೀಳೂದಿಲ್ಲ. ಎರಡು ಅಡಿಗೆ ಕುಂತು ದಿಟ್ಟಿಸಿದ್ರ ಅಂಚಿನ ಹಲ್ಲು ಕಾಣತಾವ, ಖರೆ. ಆದ್ರ ಎದುರಿಗೆ ಗುಂಡು ಹಾರೂ ಹೊತ್ತಿನಾಗ ಅಂಚು ದಿಟ್ಟಿಸಾವ ಯಾರು?

"ಯವ್ವಾ, ದೊಡ್ಡ ಆಟಗಾರರು ಹಂಗ ಆಡತಾರೇನು?" ಅಂತ ಹುಡುಗ ಕೇಳ್ತಾನ. ಹಂಗ ಆಡತಾರಪಾ. ಕೌಂಟರ್-ಸ್ಟ್ರೈಕಿನ ವೃತ್ತಿ ಆಟಗಾರರಿಗೆ 24 ಇಂಚಿನ ಫುಲ್ ಎಚ್‌ಡಿ ಪರದೇನ ಸಾಕು. ಅದರಾಗೂ ಎಷ್ಟೋ ಮಂದಿ ಚುಕ್ಕಿ ಇನ್ನಷ್ಟು ಇಳಿಸಿ 1280-960ಕ್ಕ ಇಟ್ಟು ಆಡತಾರ. ಅವರಿಗೆ ಬೇಕಾದದ್ದು ವೇಗ. 60 ಹರ್ಟ್ಸ್ ಪರದೆ 16.7 ಮಿಲಿಸೆಕೆಂಡಿಗೊಮ್ಮೆ ಚಿತ್ರ ಬದಲಸ್ತೈತಿ, 144 ಹರ್ಟ್ಸಿಂದು ಸುಮಾರು 7ಕ್ಕ. ಈ ಫರಕ ಕೈಗೆ ತಿಳೀತೈತಿ.

ಚಂದ ಅನ್ನೂದೂ ಚುಕ್ಕಿಯಿಂದ ಬರೂದಲ್ಲ. ಹಾನಗಲ್ಲ ತಾರಕೇಶ್ವರ ಗುಡಿ ಛತ್ತಿನಾಗಿನ ಕಮಲ ತಲಿ ಎತ್ತಿ ನೋಡ್ರಿ. ಅಲ್ಲಿ ಇರೂದು ಒಂದ ಬಣ್ಣದ ಕಲ್ಲು. ಕೆಲಸಾ ಮಾಡೂದು ನೆಳ್ಳು-ಬೆಳಕು. 2010ರಾಗ ಬಂದ ಲಿಂಬೊ ಅನ್ನೂ ಆಟ ಪೂರ್ತಿ ಕಪ್ಪು-ಬಿಳುಪು. 2020ರಾಗ ಪುಣೆದವರು ಮಾಡಿದ ರಾಜಿ ಆಟದಾಗ ಕಥಿ ಹೇಳೂದು ನೆಳ್ಳಿನ ಗೊಂಬಿ. ನಮ್ಮ ತೊಗಲುಗೊಂಬಿ ಆಟಕ್ಕ ಒಂದು ದೀಪ, ಒಂದು ಬಿಳೇ ಅರಿವಿ ಇದ್ರ ರಾತ್ರಿಯೆಲ್ಲಾ ಮಂದಿ ಏಳತಿರಲಿಲ್ಲ.

ಹೆಚ್ಚು ಚುಕ್ಕಿ ಖರೇನ ಉಪಯೋಗ ಬೀಳೂದು ಅಕ್ಷರಕ್ಕ. ಕನ್ನಡದ ಒತ್ತಕ್ಷರ ಸಣ್ಣದಾದಾಗ ಕಡಿಮಿ ಚುಕ್ಕಿ ಪರದ್ಯಾಗ ಕಲಸಿ ಮುದ್ದಿ ಆಗತಾವ. ಮನ್ಯಾಗ ಯಾರರ ಡಿಟಿಪಿ ಮಾಡತಿದ್ರ, ದಿನಾ ಓದಿ ಬರದು ಮಾಡತಿದ್ರ 27 ಇಂಚಿನ 2560-1440 ಪರದೆ ನೋಡ್ರಿ, ನಾನ ಹೂಂ ಅಂತೀನಿ. ಆಟಕ್ಕಷ್ಟ ಅಂದ್ರ 24 ಇಂಚು, ಫುಲ್ ಎಚ್‌ಡಿ, ಬಾಜೂದಿಂದ ನೋಡಿದ್ರೂ ಬಣ್ಣಾ ಕೆಡದ ಐಪಿಎಸ್ ಪ್ಯಾನೆಲ್, 144 ಹರ್ಟ್ಸ್. ಉಳದದ್ರಾಗ ಒಂದು ಛಲೋ ಯುಪಿಎಸ್, ಬೆನ್ನಿಗೆ ಆಸರಾ ಕೊಡೂ ಒಂದು ಕುರ್ಚಿ.

ಇಷ್ಟಾದ ಮ್ಯಾಲೂ ಅಂಗಡಿಯವ ಫೋರ್‌ಕೆನ ಬೇಕು ಅಂದ್ರ ಒಂದ ಮಾತು ಕೇಳ್ರಿ: "ಈ ಕಾರ್ಡು, ನನ್ನ ಮಗ ಆಡೂ ಆಟ, ಈ ಪರದೆ ಮ್ಯಾಲೆ, ಊಹೆ ಬಂದ್ ಮಾಡಿ ಸೆಕೆಂಡಿಗೆ ಎಷ್ಟು ಚಿತ್ರ ಕೊಡತೈತಿ? ಹಚ್ಚಿ ತೋರಸ್ರಿ." ತೋರಿಸಿದ್ರ ನಿಮ್ಮ ಖುಷಿ. ಮಾತು ಮರಿಸಿದ್ರ ಕಂತಿನ ಕಾಗದಕ್ಕ ಸಹಿ ಹಾಕದ ಬಸ್ ಸ್ಟ್ಯಾಂಡಿಗೆ ನಡೀರಿ.