ತೋಟದಾಚೆಯ ಮನೆಗಳಿಗೂ ಫೈಬರ್ ತಲಪಲಿ

2021ರ ಜೂನ್ ತಿಂಗಳಿನಲ್ಲಿ ಸುಳ್ಯ ತಾಲೂಕಿನ ಗುತ್ತಿಗಾರು ಗ್ರಾಮದ ಬಳ್ಳಕ್ಕದಲ್ಲಿ ತೆಗೆದ ಒಂದು ಛಾಯಾಚಿತ್ರವು ಪತ್ರಿಕೆಗಳಲ್ಲಿ ಪ್ರಕಟವಾದುದನ್ನು ವಾಚಕರು ಮರೆತಿರಲಾರರು. ಸುರಿಯುವ ಮಳೆಯಲ್ಲಿ ರಸ್ತೆಯ ಬದಿ ಕುಳಿತು ಮೊಬೈಲಿನಲ್ಲಿ ಎಸ್ಸೆಸ್ಸೆಲ್ಸಿ ಪಾಠ ಕೇಳುತ್ತಿರುವ ವಿದ್ಯಾರ್ಥಿನಿ. ಆಕೆಗೆ ಕೊಡೆ ಹಿಡಿದು ನಿಂತಿರುವ ತಂದೆ. ಮನೆಯಲ್ಲಿ ರೇಂಜ್ ಇಲ್ಲದುದೇ ಇದಕ್ಕೆ ಕಾರಣ. ಆ ಚಿತ್ರವನ್ನು ಕಂಡು ಮರುಗದವರಿಲ್ಲ. ನಾವೂ ಮರುಗಿದೆವು. ಮರುಗಿದ ಬಳಿಕ ನಾವು ಮಾಡಿದ್ದೇನು ಎಂಬುದನ್ನು ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಸರಕಾರ ಏನೂ ಮಾಡಿಲ್ಲವೆಂದು ಹೇಳುವುದು ಸರಿಯಲ್ಲ. ಗ್ರಾಮ ಪಂಚಾಯತುಗಳಿಗೆ ಆಪ್ಟಿಕಲ್ ಫೈಬರ್ ಎಳೆಯುವ ರಾಷ್ಟ್ರೀಯ ಯೋಜನೆಗೆ 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ದೊರೆಯಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಿಡಲಾಯಿತು. 2023ರ ಆಗಸ್ಟಿನಲ್ಲಿ 1,39,579 ಕೋಟಿ ರೂಪಾಯಿಗಳ ಪರಿಷ್ಕೃತ ಯೋಜನೆ ಮಂಜೂರಾಗಿದೆ. ಆದರೆ ಫೈಬರ್ ಪಂಚಾಯತು ಕಚೇರಿಗೆ ಬರುವುದು ಬೇರೆ, ಮನೆಗೆ ಬರುವುದು ಬೇರೆ. ನಮ್ಮ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ತೊಡಕು ಇರುವುದೇ ಇಲ್ಲಿ.

ಬಯಲುಸೀಮೆಯ ಹಳ್ಳಿಯಲ್ಲಿ ಮನೆಗೆ ಮನೆ ತಾಗಿಕೊಂಡಿರುತ್ತದೆ. ಒಂದು ಬೀದಿಗೆ ಕೇಬಲ್ ಎಳೆದರೆ ಹತ್ತಾರು ಮನೆಗಳಿಗೆ ಸಂಪರ್ಕ ಕೊಡಬಹುದು. ನಮ್ಮಲ್ಲಿ ಹಾಗಲ್ಲ. ಪ್ರತಿಯೊಬ್ಬರ ಮನೆ ಅವರವರ ತೋಟದ ನಡುವೆ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಬೇಕಾದರೆ ತೋಡು ದಾಟಬೇಕು, ಗುಡ್ಡ ಹತ್ತಬೇಕು. ಶಿರಾಡಿ, ಇಚಿಲಂಪಾಡಿ ಕಡೆಯಲ್ಲಿ ಕೇರಳದಿಂದ ಬಂದು ರಬ್ಬರ್ ನೆಟ್ಟು ನೆಲೆಸಿದ ನಮ್ಮ ಬಾಂಧವರ ಮನೆಗಳಂತೂ ಇನ್ನೂ ದೂರ ದೂರ. ಒಂದೇ ಮನೆಗಾಗಿ ಅರ್ಧ ಕಿಲೋಮೀಟರ್ ಕೇಬಲ್ ಎಳೆಯುವ ವ್ಯಾಪಾರಿ ಯಾರಿದ್ದಾನೆ? ಮೊಬೈಲ್ ಟವರಿನ ಸಂಕೇತವನ್ನು ಗುಡ್ಡಗಳು ತಡೆಯುತ್ತವೆ. ಕರೆಂಟು ಹೋಗಿ ಬ್ಯಾಟರಿ ಮುಗಿದರೆ ಟವರ್ ಇದ್ದೂ ಇಲ್ಲದಂತೆ.

ಹಳ್ಳಿಯವರಿಗೆ ಇಂಟರ್‌ನೆಟ್ ಏಕೆ ಎಂದು ಕೇಳುವವರು ಈಗಲೂ ಇದ್ದಾರೆ. ನಾವು ಸೆಮಿನರಿಯಲ್ಲಿದ್ದ ಕಾಲದಲ್ಲಿ ಊರಿನ ಅಂಗಡಿಗೆ ಫೋನು ಮಾಡಿ, ಮನೆಯವರನ್ನು ಕರೆಯಲು ಹೇಳಿ, ಅರ್ಧ ತಾಸು ಬಿಟ್ಟು ಮತ್ತೆ ಮಾಡಬೇಕಿತ್ತು. ಹಳ್ಳಿಗೆ ಟೆಲಿಫೋನ್ ಏಕೆ ಎಂದು ಆಗಲೂ ಕೇಳುತ್ತಿದ್ದರು. ಆದರೆ 1986ರಲ್ಲಿ ನಮ್ಮ ರಾಜ್ಯದ ಕಿತ್ತೂರಿನಲ್ಲಿಯೇ ಸಿ-ಡಾಟ್ ಸಂಸ್ಥೆ ರೂಪಿಸಿದ 128 ಲೈನುಗಳ ಗ್ರಾಮೀಣ ಎಕ್ಸ್‌ಚೇಂಜ್ ಮೊದಲು ಸ್ಥಾಪಿತವಾಯಿತು. ಹವಾನಿಯಂತ್ರಣವಿಲ್ಲದೆ ನಡೆಯುವ ಆ ಚಿಕ್ಕ ಎಕ್ಸ್‌ಚೇಂಜಿನಿಂದ ಎಷ್ಟೋ ಊರುಗಳು ಫೋನು ಕಂಡವು.

ಇಂದು ಪ್ರಶ್ನೆ ಕೇವಲ ಮಾತುಕತೆಯದಲ್ಲ. ಪಡಿತರ ಅಕ್ಕಿಗೆ ಹೆಬ್ಬೆಟ್ಟು ಒತ್ತುವ ಯಂತ್ರಕ್ಕೆ ಸಂಪರ್ಕ ಬೇಕು. ಪಹಣಿ, ವಿದ್ಯಾರ್ಥಿವೇತನ, ಬೆಳೆವಿಮೆ ಎಲ್ಲವೂ ಅದರ ಮೂಲಕವೇ. ಮೊಬೈಲಿಗೆ ಬಂದ ಒಟಿಪಿಯ ಅವಧಿ ಮುಗಿಯುವ ಮುನ್ನ ಗುಡ್ಡದ ತುದಿಗೆ ಓಡುವ ಹಿರಿಯರನ್ನು ನಾವು ಕಂಡಿದ್ದೇವೆ. ಸರಕಾರವು ತನ್ನ ಕಚೇರಿಯ ಬಾಗಿಲನ್ನೇ ಇಂಟರ್‌ನೆಟ್ಟಿನೊಳಗೆ ಇಟ್ಟಿರುವಾಗ ಅದನ್ನು ವಿಲಾಸವೆಂದು ಕರೆಯುವುದು ನ್ಯಾಯವಲ್ಲ. ಇಂಟರ್‌ನೆಟ್ ಬಳಸುವ ಅವಕಾಶವು ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳದ ಉಚ್ಚ ನ್ಯಾಯಾಲಯವು 2019ರಲ್ಲಿಯೇ ತೀರ್ಪಿತ್ತಿದೆ. ವ್ಯಾಟಿಕನ್ ಸಹ 2002ರಲ್ಲಿ ಇಂಟರ್‌ನೆಟ್ಟಿನ ನೈತಿಕತೆಯ ಕುರಿತು ಹೊರಡಿಸಿದ ದಾಖಲೆಯಲ್ಲಿ, ಸಂಪರ್ಕ ಉಳ್ಳವರ ಮತ್ತು ಇಲ್ಲದವರ ನಡುವಿನ ಅಂತರವನ್ನು ಗಂಭೀರವಾಗಿ ಪರಿಗಣಿಸಿದೆ.

ಇನ್ನು ನಮ್ಮ ತಪ್ಪಿನ ವಿಚಾರ. ನಮ್ಮ ಧರ್ಮಕೇಂದ್ರದ ಅಡಿಕೆ ತೋಟದ ಆಚೆಗೆ ಏಳು ಮನೆಗಳಿವೆ. ಅಲ್ಲಿಗೆ ಫೈಬರ್ ಎಳೆಯಲು ಕೇಬಲಿನವರು ಬಂದು, ಚರ್ಚಿನ ತೋಟದಲ್ಲಿ ನಾಲ್ಕು ಕಂಬ ಹಾಕಲು ಅನುಮತಿ ಕೇಳಿದರು. ಇಂದು ಕಂಬ ಎಂದವರು ನಾಳೆ ದಾರಿ ಎನ್ನುವರು, ನಾಡಿದ್ದು ಹಕ್ಕು ಎನ್ನುವರು ಎಂಬ ಭಯ ಪಾಲನಾ ಸಮಿತಿಯ ಹಿರಿಯರಿಗೆ. ದಾರಿಯ ವ್ಯಾಜ್ಯಗಳಲ್ಲಿ ತಲೆಮಾರುಗಳನ್ನೇ ಕಳೆದ ಊರು ನಮ್ಮದು. ಅವರ ಭಯ ನಿರಾಧಾರವೆನ್ನಲಾರೆವು. ನಾವು ಹೌದೆಂದೆವು, ಅಂದರೆ ಬೇಡವೆಂದೆವು. ಎಂಟು ತಿಂಗಳು ಹಾಗೆಯೇ ಕಳೆಯಿತು.

ಆ ಏಳು ಮನೆಗಳಲ್ಲೊಂದರಲ್ಲಿ ಹಾಸಿಗೆ ಹಿಡಿದ ವೃದ್ಧೆಯೊಬ್ಬರಿದ್ದಾರೆ. ಮಗ ಕುವೈಟಿನಲ್ಲಿ. ತಿಂಗಳ ಮೊದಲ ಶುಕ್ರವಾರ ಪರಮ ಪ್ರಸಾದ ಕೊಡಲು ಹೋದಾಗ ಅವರು ಮೆಲ್ಲನೆ ಕೇಳಿದರು: "ಫಾದರ್, ನೀವು ಬರುವುದು ಆ ತೋಟದ ದಾರಿಯಲ್ಲೇ ಅಲ್ಲವಾ? ವಯರಿಗೆ ಮಾತ್ರ ದಾರಿ ಇಲ್ಲವಾ?"

ನಮ್ಮಲ್ಲಿ ಉತ್ತರವಿರಲಿಲ್ಲ. ಮುಂದಿನ ಆದಿತ್ಯವಾರವೇ ಸಮಿತಿಯನ್ನು ಮತ್ತೆ ಕರೆದೆವು. ಈ ಅನುಮತಿಯಿಂದ ಯಾವ ದಾರಿಹಕ್ಕೂ ಹುಟ್ಟುವುದಿಲ್ಲವೆಂದು ಛಾಪಾ ಕಾಗದದಲ್ಲಿ ಬರೆದು ಎಲ್ಲರೂ ಸಹಿ ಹಾಕಿದೆವು. ಹಿರಿಯರ ಭಯಕ್ಕೆ ಇಷ್ಟೇ ಪರಿಹಾರ ಸಾಕಿತ್ತು. ಮೊದಲೇ ನಮಗೆ ತೋಚಲಿಲ್ಲ.

ಅನುಮತಿ ಸಿಕ್ಕ ಬಳಿಕ ಖರ್ಚಿನ ಪ್ರಶ್ನೆ ಎದ್ದಿತು. ಒಂದು ಎಳೆಯನ್ನು ಕವಲೊಡೆದು 32 ಮನೆಗಳಿಗೆ ಕೊಡಬಹುದಾದರೂ, ಕವಲಿನ ಪೆಟ್ಟಿಗೆಯಿಂದ ಮನೆಯವರೆಗಿನ ಕೇಬಲಿಗೆ ಮೀಟರ್ ಲೆಕ್ಕ. ಎಲ್ಲರಿಗೂ ಒಂದೇ ದರ, ನೋಡಲು ಸಮಾನತೆಯೇ. ಆದರೆ ರಸ್ತೆ ಬದಿಯವನಿಗೆ ಮೂವತ್ತು ಮೀಟರ್, ತುದಿಯ ಮನೆಯ ಕೂಲಿಯವನಿಗೆ ಆರುನೂರು. ಸಮಾನರಲ್ಲದವರಿಗೆ ಸಮಾನವಾಗಿ ಹಂಚಿದರೂ ಜಗಳ ಹುಟ್ಟುತ್ತದೆಂದು ಅರಿಸ್ಟಾಟಲ್ ಹೇಳಿದ್ದಾನೆ. (ಅವನು ಅರ್ಹತೆಯ ಕುರಿತು ಹೇಳಿದ್ದನ್ನು ಅಗತ್ಯಕ್ಕೆ ಅನ್ವಯಿಸುತ್ತಿದ್ದೇವೆ; ನಮಗೆ ತತ್ವಶಾಸ್ತ್ರ ಕಲಿಸಿದ ಗುರುಗಳು ಕ್ಷಮಿಸಲಿ.) ನಮ್ಮ ವಾರ್ಡಿನ ಗುರಿಕಾರರು ಒಟ್ಟು ಖರ್ಚನ್ನು ಏಳು ಪಾಲು ಮಾಡಿ, ತುದಿಯ ಮನೆಯ ಪಾಲನ್ನು ಉಳಿದ ಆರು ಮನೆಗಳಿಗೆ ಹಂಚಿದರು. ಒಬ್ಬರು ಮಾತ್ರ ಗೊಣಗಿದರು; ಅವರೂ ಕೊಟ್ಟರು.

ಮಕ್ಕಳು ಹಾಳಾಗುತ್ತಾರೆಂಬ ಪೋಷಕರ ಆತಂಕ ನಮಗೆ ಗೊತ್ತಿದೆ. ಆತಂಕ ನಿಜವಾದುದೇ. ಆದರೆ ಪೇಟೆಯ ಮಕ್ಕಳನ್ನು ಕೆಡಿಸದಂತೆ ನೋಡಿಕೊಳ್ಳುವ ಹೊಣೆ ಹೆತ್ತವರದಾದರೆ, ಗುಡ್ಡದ ಮೇಲಿನ ಮಕ್ಕಳನ್ನು ಮಾತ್ರ ಸಂಪರ್ಕವಿಲ್ಲದೆ ಇಟ್ಟು ಕಾಪಾಡುತ್ತೇವೆನ್ನುವುದು ಬಡವರ ಮೇಲೆ ಹೇರಿದ ಉಪವಾಸವಾಗುತ್ತದೆ.

ಫೈಬರ್ ಬಂದರೆ ಎಲ್ಲ ತಾಪತ್ರಯ ಮುಗಿಯಿತೆಂದು ತಿಳಿಯಬಾರದು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು. ತಾಮ್ರದ ತಂತಿಯಂತೆ ಸಿಡಿಲನ್ನು ಮನೆಯೊಳಗಿನ ಫೋನಿಗೆ ತಾರದು. ಆದರೆ ಮನೆಯ ಪೆಟ್ಟಿಗೆಗೆ ಕರೆಂಟು ಬೇಕೇ ಬೇಕು. ಒಂದು ಚಿಕ್ಕ ಬ್ಯಾಟರಿ ಇಟ್ಟುಕೊಳ್ಳುವುದು ಲೇಸು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಲ್ಲಿ ಮರ ಬೀಳುವುದೂ ಕೇಬಲ್ ತುಂಡಾಗುವುದೂ ತಪ್ಪಿದ್ದಲ್ಲ. ಅಡಿಕೆಗೆ ಮದ್ದು ಬಿಡುವ ಮುನ್ನ ಹೇಗೋ ಗೆಲ್ಲು ಕಡಿಯುತ್ತೇವೆ. ಅದೇ ವೇಳೆ ಕೇಬಲಿನ ಮೇಲಿನ ಗೆಲ್ಲನ್ನೂ ಕಡಿಯಬಹುದು. ತುಂಡಾದ ಎಳೆಯನ್ನು ಜೋಡಿಸುವ ಕೆಲಸವನ್ನು ನಮ್ಮ ಊರಿನ ಇಬ್ಬರು ಯುವಕರಾದರೂ ಕಲಿತರೆ ಪೇಟೆಯಿಂದ ಯಾರೋ ಬರುವವರೆಗೆ ಕಾಯಬೇಕಾಗಿಲ್ಲ.

ಪರಿಷ್ಕೃತ ಭಾರತ್‌ನೆಟ್ ಯೋಜನೆಯಲ್ಲಿ, ಪಂಚಾಯತು ಕೇಂದ್ರಗಳಲ್ಲದ ಗ್ರಾಮಗಳಿಗೆ ಬೇಡಿಕೆಯ ಆಧಾರದ ಮೇಲೆ ಸಂಪರ್ಕವೆಂದು ಹೇಳಲಾಗಿದೆ. ಬೇಡಿಕೆ ಸಲ್ಲಿಸುವವರು ಯಾರು? ಚರ್ಚಿನ ವಾರ್ಷಿಕ ಹಬ್ಬಕ್ಕೆ ಗುಡ್ಡ ಇಳಿದು ಬರುವ ನಮ್ಮ ಜನರು ಗ್ರಾಮಸಭೆಯಲ್ಲಿ ಕಾಣಸಿಗುವುದು ಅಪರೂಪ. ಪ್ರತಿ ವಾರ್ಡಿನ ಗುರಿಕಾರರು ಸಂಪರ್ಕವಿಲ್ಲದ ಮನೆಗಳ ಪಟ್ಟಿ ಮಾಡಿ, ನಮ್ಮವರು ಹೊರಗಿನವರೆಂಬ ಭೇದವಿಲ್ಲದೆ, ಮುಂದಿನ ಗ್ರಾಮಸಭೆಗೆ ಬರೆದುಕೊಂಡು ಹೋಗಲಿ. ಠರಾವಿನಲ್ಲಿ ದಾಖಲಾಗುವವರೆಗೆ ಅಲ್ಲಿಂದ ಏಳದಿರಲಿ. ನಮ್ಮ ಪಟ್ಟಿಯಲ್ಲಿ ಈಗ ಹತ್ತೊಂಬತ್ತು ಮನೆಗಳಿವೆ. ಅವುಗಳಲ್ಲಿ ನಾಲ್ಕು ಮನೆಗಳಿಗೆ ಕೇಬಲ್ ಹೋಗಬೇಕಾದರೆ ನಮ್ಮ ಧರ್ಮಕೇಂದ್ರದವರದೇ ಎರಡು ತೋಟಗಳನ್ನು ದಾಟಬೇಕು. ಆ ಎರಡು ಮನೆಯವರೊಂದಿಗೆ ಮಾತನಾಡಲು ಈ ವಾರ ಹೋಗಲಿದ್ದೇವೆ, ಛಾಪಾ ಕಾಗದವನ್ನೂ ಜತೆಗೆ ಕೊಂಡೊಯ್ಯುತ್ತೇವೆ.