ಟ್ರಾನ್ಸ್‌ಫಾರ್ಮರಿನಲ್ಲಿ ಜಿಪುಣತನ ಬೇಡ

ನಮ್ಮ ವಿಜ್ಞಾನ ಸಂಘದ ಹುಡುಗರು ಜೋಡಿಸಿದ ವಾಲ್ವು ಆಂಪ್ಲಿಫಯರು ಅರ್ಧ ಗಂಟೆಯಲ್ಲೇ ಹೊಗೆಯಾಡಿತು. ತಪ್ಪು ನಮ್ಮದೇ. ವಾಲ್ವುಗಳಿಗೆ ಧಾರಾಳವಾಗಿ ದುಡ್ಡು ಸುರಿದು, ಪವರ್ ಟ್ರಾನ್ಸ್‌ಫಾರ್ಮರನ್ನು ಗುಜರಿಯಿಂದ ತಂದಿದ್ದೆವು. ಸೌದಿಯಿಂದ ಬಂದ ಆ ಮಾಲು 60 ಹರ್ಟ್ಸಿನದು. ನಮ್ಮ ಕರೆಂಟು 50. ಕಾಯದೆ ಇನ್ನೇನು?

ಹವ್ಯಾಸಿ ಬಂಧುಗಳು ತೂಕ ನೋಡಿ ಕೊಳ್ಳದೆ ಲೆಕ್ಕ ಹಾಕಿ ಕೊಳ್ಳಲಿ. ಎರಡು ಇಎಲ್ 84, ಒಂದು ಇಸಿಸಿ 83 ಇದ್ದರೆ ಹೀಟರುಗಳಿಗೇ 6.3 ವೋಲ್ಟಿನಲ್ಲಿ 1.82 ಆಂಪಿಯರ್ ಬೇಕು; 3 ಆಂಪಿಯರಿನ ಸುರುಳಿ ಇರಲಿ. ಹೈಟೆನ್ಷನ್ ಸುರುಳಿ ದೊಡ್ಡದಾದಷ್ಟೂ ಒಳ್ಳೆಯದೆಂಬ ಭ್ರಮೆ ಬೇಡ. 220 ವೋಲ್ಟಿನದೇ ಡಯೋಡು ದಾಟಿ ಕೆಪಾಸಿಟರಿನಲ್ಲಿ 310ರಷ್ಟಾಗುತ್ತದೆ, ಹೊರೆ ಬಿದ್ದಾಗ ತುಸು ಇಳಿಯುತ್ತದೆ. ಇಎಲ್ 84ರ ಆನೋಡಿನ ಮಿತಿಯೇ 300. ಸ್ವಿಚ್ಚು ಆರಿಸಿದ ಮೇಲೂ ಆ ಕೆಪಾಸಿಟರು ಜೀವ ತೆಗೆಯಬಲ್ಲದು. ಮಕ್ಕಳ ಕೈಗೆ ಕೊಡುವ ಮುನ್ನ ಫ್ಯೂಸು, ಬ್ಲೀಡರ್ ರೆಸಿಸ್ಟರು ಎರಡೂ ಇವೆಯೇ ಎಂದು ಹೆತ್ತವರು ಕೇಳಿ ನೋಡಬೇಕು.